ಮೊದಲು ಮನೆಗೆ ಬಂದು ಆಮೇಲೆ ಹೊರಟವನು

ಬೀದಿಯವರೆಲ್ಲ ಅವರನ್ನು ಅಂಟಪ್ಪ ಎಂದೇ ಕರೆಯುತ್ತಿದ್ದರು. ಪುಸ್ತಕ ಕಟ್ಟುವ ಕೆಲಸ, ಮೈಯಿಂದ ಸದಾ ಅಂಟಿನ ವಾಸನೆ, ಅದೊಂದು ಕಾರಣ. ಇನ್ನೊಂದು, ಮಾತಿಗೆ ಸಿಕ್ಕವರನ್ನು ಅವರು ಸುಲಭಕ್ಕೆ ಬಿಡುತ್ತಿರಲಿಲ್ಲ. ಹಾಲಿನವನು ಅವರ ಬಾಗಿಲಲ್ಲಿ ಸೈಕಲ್ಲಿನಿಂದ ಇಳಿದದ್ದನ್ನು ಯಾರೂ ನೋಡಿರಲಿಲ್ಲ. ಒಂದು ಕಾಲು ನೆಲಕ್ಕೂರಿ, ಪಾತ್ರೆಗೆ ಹಾಲು ಸುರಿದು, ತುಳಿದುಕೊಂಡು ಹೊರಟೇಬಿಡುತ್ತಿದ್ದ. ಇಳಿದು ನಿಂತರೆ ಉಳಿದ ಮನೆಗಳ ಹಾಲು ಒಡೆದುಹೋಗುತ್ತದೆ ಎಂಬುದು ಅವನ ಅನುಭವದ ಮಾತು.

ಮನೆಯ ಮುಂದಿನ ದೊಡ್ಡ ಕೋಣೆಯೇ ಅವರ ಕಾರ್ಖಾನೆ. ನಡುವೆ ಉದ್ದನೆಯ ಮೇಜು, ಮೂಲೆಯಲ್ಲಿ ಕಾಗದ ಕತ್ತರಿಸುವ ಕಬ್ಬಿಣದ ಯಂತ್ರ, ಕಿಟಕಿಯ ಪಕ್ಕ ಸೊಸೆಯ ಹೊಲಿಗೆಯ ಚೌಕಟ್ಟು. ಮೇಜಿನ ಕೆಳಗೆ ಸದಾ ಕಾಗದದ ಚೂರುಗಳ ಗುಡ್ಡೆ. ಮೂರು ವರ್ಷದ ಮೊಮ್ಮಗಳು ಪುಟ್ಟಿ ಅದರಲ್ಲಿ ಈಜಾಡಿಕೊಂಡಿರುತ್ತಿದ್ದಳು. ಹಿಂದೆ ಅಡುಗೆಮನೆ, ಅಲ್ಲಿಂದ ಅತ್ತೆಯ ದನಿ. ಮಗ ವ್ಯಾನು ಓಡಿಸುತ್ತಿದ್ದ. ಮುದ್ರಣಾಲಯದಿಂದ ಹಾಳೆ ತರುವುದೂ ಕಟ್ಟಿದ ಪುಸ್ತಕ ಕೊಟ್ಟು ಬರುವುದೂ ಅವನ ಪಾಲು.

ಸೊಸೆ ಈ ಮನೆಗೆ ಬಂದಾಗ ಅವಳಿಗೆ ಗುಂಡಿ ಹೊಲಿಯುವುದು ಬಿಟ್ಟರೆ ಸೂಜಿಯ ಸಂಗತಿ ಏನೂ ಗೊತ್ತಿರಲಿಲ್ಲ. ಮಾವನೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಬಯ್ಯಲಿಲ್ಲ, ಆದರೆ ಬಾಯಿ ಮುಚ್ಚಲೂ ಇಲ್ಲ. ದಾರ ಎಳೆಯುವುದಕ್ಕೊಂದು ಕಥೆ, ಗಂಟು ಹಾಕುವುದಕ್ಕೊಂದು ಕಥೆ. ಇಷ್ಟು ಕಥೆ ಗೊತ್ತಿದ್ದ ಮನುಷ್ಯ ತಾನು ಕಟ್ಟಿದ ಒಂದು ಪುಸ್ತಕವನ್ನೂ ಓದಿದವರಲ್ಲ ಎಂದು ತಿಳಿದಾಗ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಓದಲು ಬಾರದೆ ಅಲ್ಲ, ಅದು ಅವರ ಕಟ್ಟುಪಾಡು. ಮಿಠಾಯಿ ಅಂಗಡಿಯವನು ಮಿಠಾಯಿ ತಿನ್ನುತ್ತ ಕೂತರೆ ತಕ್ಕಡಿ ಹಿಡಿಯುವವರು ಯಾರು ಎಂದು ಅವರ ಪ್ರಶ್ನೆ. ಕೆಲಸದ ಕೋಣೆಯಲ್ಲಿ ಓದುವುದು ನಿಷಿದ್ಧ. ಸೊಸೆ ಮಾತ್ರ ಹಾಳೆ ಮಡಿಸುತ್ತ ಓರೆಗಣ್ಣಲ್ಲಿ ಒಂದೆರಡು ಸಾಲು ಕದಿಯುತ್ತಿದ್ದಳು. ಹೀಗೆ ಕದ್ದು ಕದ್ದೇ ಎಷ್ಟೋ ಕಾದಂಬರಿಗಳನ್ನು ಮುಗಿಸಿದ್ದಳು.

ಪುಸ್ತಕ ಅವರ ಕೈಗೆ ಪುಸ್ತಕವಾಗಿ ಬರುತ್ತಿರಲಿಲ್ಲ, ದೊಡ್ಡ ಹಾಳೆಗಳಾಗಿ ಬರುತ್ತಿತ್ತು. ಒಂದು ಹಾಳೆಯನ್ನು ಮಡಿಸಿ ಮಡಿಸಿ ಹದಿನಾರು ಪುಟದ ಕಟ್ಟು ಮಾಡಬೇಕು. ಅದಕ್ಕೆ ಫಾರಂ ಎಂದು ಹೆಸರು. ಮೊದಲನೇ ಫಾರಂ ಒಂದು ರಾಶಿ, ಎರಡನೆಯದು ಇನ್ನೊಂದು, ಹೀಗೆ ಮೇಜಿನ ಸುತ್ತ ಸಾಲಾಗಿ ಇಟ್ಟು, ಸುತ್ತು ಹಾಕುತ್ತ ಒಂದೊಂದು ರಾಶಿಯಿಂದ ಒಂದೊಂದು ಎತ್ತಿಕೊಂಡರೆ ಒಂದು ಸುತ್ತಿಗೆ ಒಂದು ಪುಸ್ತಕ. ಕ್ರಮ ಸರಿಯಿದೆಯೇ ಎಂದು ನೋಡಲು ಪುಟ ತಿರುವಬೇಕಿಲ್ಲ. ಪ್ರತಿ ಫಾರಂನ ಬೆನ್ನಿಗೆ ಒಂದು ಕಪ್ಪು ಗುರುತು. ಮೊದಲನೆಯದಕ್ಕೆ ಮೇಲೆ, ಮುಂದಿನದಕ್ಕೆ ಸ್ವಲ್ಪ ಕೆಳಗೆ, ಅದರ ಮುಂದಿನದಕ್ಕೆ ಇನ್ನೂ ಕೆಳಗೆ. ಎಲ್ಲವೂ ಸರಿಯಾಗಿ ಕೂತರೆ ಬೆನ್ನ ಮೇಲೆ ಕಪ್ಪು ಮೆಟ್ಟಿಲು ಇಳಿಯುತ್ತದೆ. ಒಂದು ಮೆಟ್ಟಿಲು ತಪ್ಪಿದರೂ ಕಣ್ಣಿಗೆ ರಾಚುತ್ತದೆ. ಕಣ್ಣಿದ್ದರೆ.

ಮಾವನ ಕಣ್ಣು ಮಂಜಾಗಿ ಆಗಲೇ ಕೆಲವು ವರ್ಷವಾಗಿತ್ತು. ಅವರು ಅದನ್ನು ಒಪ್ಪುತ್ತಿರಲಿಲ್ಲ. ಮೊದಲು ತಪ್ಪನ್ನು ಬಲ್ಬಿನ ಮೇಲೆ ಹಾಕಿದರು. ಮಗ ದೊಡ್ಡ ಬಲ್ಬು ತಂದ. ಸಾಲದು ಎಂದರು, ಇನ್ನೂ ಎರಡು ತಂದ. ಕೋಣೆ ನಾಟಕದ ರಂಗದ ಹಾಗೆ ಝಗಮಗಿಸತೊಡಗಿದಾಗ, ಈಗಿನ ಮಸಿಗೆ ದಮ್ಮಿಲ್ಲ, ಅಕ್ಷರ ಕಾಗದದ ಮೇಲೆ ನಿಲ್ಲುವುದೇ ಇಲ್ಲ ಎಂದು ವರಸೆ ಬದಲಿಸಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದು ಅಡುಗೆಮನೆಯಿಂದ ಅತ್ತೆ. ಕೊನೆಗೆ ಮಗ ಹೇಗೋ ಪುಸಲಾಯಿಸಿ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದ. ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆಸಿದರೆ ಮೊದಲಿನ ಹಾಗೆ ಕಾಣುತ್ತದೆ, ಬಿಟ್ಟಷ್ಟೂ ಕಷ್ಟ ಎಂದರು ಡಾಕ್ಟರು. ಮಾವ ಎಲ್ಲವನ್ನೂ ಕೇಳಿಸಿಕೊಂಡು, ಕೈಮುಗಿದು, ಹೊರಗೆ ಬಂದು, "ನನ್ನ ಬೆರಳಿಗೇ ಕಣ್ಣಿದೆ, ಈ ಕಣ್ಣು ಯಾರಿಗೆ ಬೇಕು" ಅಂದರು. ಅಲ್ಲಿಗೆ ಮುಗಿಯಿತು. ಆಮೇಲೆ ಯಾರು ಆ ಮಾತೆತ್ತಿದರೂ ಗೋಡೆಗೆ ಹೇಳಿದ ಹಾಗೆ.

ಕಾರಣ ಹಟವಲ್ಲ, ಹೆದರಿಕೆ ಎಂದು ಅತ್ತೆ ಒಮ್ಮೆ ಬಟ್ಟೆ ಮಡಿಸುತ್ತ ಸೊಸೆಗೆ ಮೆಲ್ಲಗೆ ಹೇಳಿದ್ದರು. ಮಾವನಿಗೆ ಈ ಕಸುಬು ಕಲಿಸಿದ ಹಿರಿಯ ಬೈಂಡರು ಒಬ್ಬರಿದ್ದರು. ತಂದೆಗಿಂತ ಹೆಚ್ಚು. ಅವರೂ ಹಿಂದೊಮ್ಮೆ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ನಗುನಗುತ್ತ ಹೋದವರು, ಇದ್ದಷ್ಟು ಬೆಳಕನ್ನೂ ಕಳೆದುಕೊಂಡು ಇನ್ನೊಬ್ಬರ ತೋಳು ಹಿಡಿದು ವಾಪಸಾದರು. ಆ ತೋಳು ಮಾವನದೇ. ಆಗಿನ ಕಾಲದ ಕತ್ತರಿ ಬೇರೆ, ಈಗಿನದು ಬೇರೆ ಎಂದು ಎಷ್ಟು ಹೇಳಿದರೂ ಆ ತೋಳಿಗೆ ಅರ್ಥವಾಗುವುದಿಲ್ಲ ಎಂದರು ಅತ್ತೆ. ಅಂದಿನಿಂದ ಸೊಸೆ ಮಾವನನ್ನು ಒತ್ತಾಯಿಸುವುದು ಬಿಟ್ಟಳು. ಪುಟ್ಟಿಯ ಬಣ್ಣದ ಬಳಪಗಳಲ್ಲಿ ಹಳದಿಯದನ್ನು ತೆಗೆದು ಅವರ ಸುತ್ತಿಗೆ, ಕತ್ತರಿ, ದಬ್ಬಳದ ಹಿಡಿಗೆಲ್ಲ ದಪ್ಪಗೆ ಬಳಿದಿಟ್ಟಳು, ಅಷ್ಟೆ. ಇದು ಪುಟ್ಟಿಯ ಕೈಚಳಕವೆಂದು ಮಾವ ಮೊಮ್ಮಗಳನ್ನು ಹೊಗಳಿದರು.

ಹೀಗಿರುವಾಗ ಆ ದಪ್ಪ ಸಾಹಸ ಕಾದಂಬರಿ ಬಂತು. ಒಂದು ರಾಜ್ಯದಲ್ಲಿ ಮಾರ್ದನಿ ಕಳುವಾಗಿದೆ. ಬಾವಿಗೆ ಬಗ್ಗಿ ಕೂಗಿದರೆ ತಿರುಗಿ ಕೂಗು ಬರುವುದಿಲ್ಲ, ಮಡಕೆ ತಟ್ಟಿದರೆ ಟಣ್ ಎನ್ನುವುದಿಲ್ಲ. ಬೆಟ್ಟದಾಚೆಯ ದೈತ್ಯನೊಬ್ಬ ಅದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋಗಿದ್ದಾನೆ. ಅದನ್ನು ತರಬೇಕಾದವನು ಒಬ್ಬ ಬಡಕಲು ಕುಂಬಾರ. ಹಗ್ಗ ಹಿಡಿದ ಬೊಚ್ಚುಬಾಯಿಯ ಅಜ್ಜಿಯೊಬ್ಬಳು ಬಂದು ಕರೆಯುತ್ತಾಳೆ; ಮೂರನೇ ಫಾರಂನಲ್ಲಿ ಅವನು ಒಲ್ಲೆ ಒಲ್ಲೆ ಎಂದು ಕೂತು, ಕೊನೆಗೂ ಹೊರಡುತ್ತಾನೆ; ಆಮೇಲೆ ನದಿ, ಸುರಂಗ, ಮಾತಾಡುವ ಬಂಡೆ, ದೈತ್ಯ; ಕೊನೇ ಫಾರಂನಲ್ಲಿ ಚೀಲ ಹೊತ್ತು ಮನೆಗೆ ಬರುತ್ತಾನೆ. ಸೊಸೆ ಮಡಿಸುತ್ತ ಮಡಿಸುತ್ತ ಇಷ್ಟನ್ನೂ ಕದ್ದಿದ್ದಳು. ಮೇಜಿನ ಸುತ್ತ ರಾಶಿ ಇಡುವ ದಿನ ಪುಟ್ಟಿಗೆ ಜ್ವರ, ಅವಳು ಒಳಗಿದ್ದಳು. ಮಾವ ಒಬ್ಬರೇ ರಾಶಿಗಳನ್ನಿಟ್ಟರು, ಒಬ್ಬರೇ ಸುತ್ತು ಹಾಕಿದರು, ಹೆಬ್ಬೆರಳಿನಿಂದ ಬೆನ್ನು ಸವರಿ ಸರಿ ಎಂದರು. ಅವರು ಸರಿ ಎಂದದ್ದನ್ನು ಯಾರೂ ಇನ್ನೊಮ್ಮೆ ನೋಡುವ ಪದ್ಧತಿಯೇ ಆ ಮನೆಯಲ್ಲಿರಲಿಲ್ಲ. ಮರುದಿನದಿಂದ ಸೊಸೆ ಕೂತು ಹೊಲಿದಳು. ಮಡಿಲಲ್ಲಿ ಪುಟ್ಟಿ ಕೊಸರಾಡುತ್ತಿದ್ದಾಗ ಅವಳ ಕಣ್ಣೂ ಸೂಜಿಯ ತುದಿ ಬಿಟ್ಟು ಆಚೀಚೆ ಹೋಗಲಿಲ್ಲ.

ಕೆಲವು ದಿನಗಳ ಮೇಲೆ ಪ್ರಕಾಶಕರು ತಾವೇ ಬಂದರು. ಗುಂಡಗಿನ, ಉಲ್ಲಾಸದ ಮನುಷ್ಯ. ಕೋಪ ಮಾಡಿಕೊಳ್ಳಲು ಹೊರಟು ದಾರಿಯಲ್ಲೇ ನಗು ಬಂದುಬಿಟ್ಟವರ ಮುಖ.

"ಅಂಟಪ್ಪನವರೇ, ನಮ್ಮ ಕುಂಬಾರ ಹೊರಡೋದಕ್ಕೆ ಮುಂಚೆನೇ ಮನೆಗೆ ಬಂದುಬಿಟ್ಟಿದ್ದಾನೆ" ಅಂದರು.

ಮೂರನೇ ಫಾರಂನ ಜಾಗದಲ್ಲಿ ಕೊನೆಯದು, ಕೊನೆಯದರ ಜಾಗದಲ್ಲಿ ಮೂರನೆಯದು. ಹಾಗಾಗಿ ಅಜ್ಜಿ ಬಾ ಎಂದು ಕರೆದ ಕೂಡಲೇ ಕುಂಬಾರ ಚೀಲ ಹೊತ್ತು ಮನೆಗೆ ಬಂದಿದ್ದ. ಆಮೇಲೆ ನದಿ ದಾಟಿ, ದೈತ್ಯನನ್ನು ಸೋಲಿಸಿ, ಎಲ್ಲ ಮುಗಿದ ಮೇಲೆ ಕಡೆಯ ಪುಟಗಳಲ್ಲಿ ಮಡಕೆ ಸುಡುವ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ನಾನು ಬರಲ್ಲ, ಬರಲ್ಲ ಎಂದು ಹಟ ಹಿಡಿದಿದ್ದ. ಒಬ್ಬ ಓದುಗನಂತೂ, ಗೆದ್ದ ನಾಯಕನ ಈ ಕೊನೆಯ ನಿರಾಕರಣೆ ಎಂಥ ಆಳವಾದದ್ದು ಎಂದು ಎರಡು ಪುಟ ಹೊಗಳಿ ಬರೆದಿದ್ದಾನಂತೆ. ಅದನ್ನು ಹೇಳುವಾಗ ಪ್ರಕಾಶಕರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆದರೂ ಬಿಚ್ಚಿ ಸರಿಮಾಡಲೇಬೇಕಲ್ಲ, ಅಂಗಡಿಗಳಿಂದ ವಾಪಸು ತರಿಸುತ್ತೇನೆ ಎಂದು ಹೇಳಿ, ಚಹಾ ಕುಡಿದು ಹೋದರು.

ಮಾವ ನಗಲಿಲ್ಲ. ಒಂದು ಪ್ರತಿಯ ರಟ್ಟು ಕಿತ್ತು, ಬೆನ್ನನ್ನು ಬಲ್ಬಿಗೆ ಹಿಡಿದರು. ಮೂಗಿಗೆ ತಾಗುವಷ್ಟು ಹತ್ತಿರ ತಂದರು, ದೂರ ಹಿಡಿದರು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು, ಮೂಲೆಯ ಕತ್ತರಿಸುವ ಯಂತ್ರಕ್ಕೆ ಬೀಗ ಹಾಕಿ ಬೀಗದಕೈಯನ್ನು ಮಗನ ಅಂಗೈಗಿಟ್ಟರು. "ಮಗು ಓಡಾಡೋ ಜಾಗ. ಇನ್ಮೇಲೆ ಇದನ್ನ ನಾನು ಮುಟ್ಟಲ್ಲ" ಎಂದರು.

ಆಸ್ಪತ್ರೆಯ ಮಾತೆತ್ತಲು ಮಗ ಬಾಯಿ ತೆರೆದ. ಸೊಸೆ ಅವನ ಕಾಲು ತುಳಿದಳು.

ಆಮೇಲಿನ ದಿನಗಳಲ್ಲಿ ಮಾವ ತುಟಿ ಪಿಟಕ್ಕೆನ್ನಲಿಲ್ಲ. ಹಾಲಿನವನು ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ಇಳಿದು, ಯಜಮಾನರಿಗೆ ಮೈ ಸರಿಯಿಲ್ಲವೇ ಎಂದು ಒಳಗೆ ಬಂದು ಕೇಳಿದ. ಆ ಮನೆಯಲ್ಲಿ ಮೌನ ಯಾರಿಗೂ ಅಭ್ಯಾಸವಿರಲಿಲ್ಲ. ಪುಟ್ಟಿ ಕೂಡ ಪಿಸುಗುಟ್ಟುತ್ತಿದ್ದಳು. ಸೊಸೆಗೆ ದಿಗಿಲಾದದ್ದು ಇದಕ್ಕೇ. ತಪ್ಪಿಗಲ್ಲ, ತಪ್ಪು ಯಾರು ಮಾಡುವುದಿಲ್ಲ? ಈ ಮನುಷ್ಯ ಇವತ್ತು ಯಂತ್ರ ಬಿಟ್ಟರು, ನಾಳೆ ಮೇಜು ಬಿಡುತ್ತಾರೆ, ನಾಡಿದ್ದು ಕುರ್ಚಿಯೊಂದನ್ನು ಕಿಟಕಿಗೆ ತಿರುಗಿಸಿಕೊಂಡು ಕೂತುಬಿಡುತ್ತಾರೆ. ಕಿಟಕಿಯಾಚೆ ಅವರಿಗೆ ಏನೂ ಕಾಣುವುದಿಲ್ಲ.

ವಾಪಸು ಬಂದ ಪುಸ್ತಕಗಳು ಗೋಡೆಯುದ್ದಕ್ಕೂ ರಾಶಿಬಿದ್ದವು. ರಟ್ಟು ಬಿಡಿಸಿ, ಅಂಟು ಕೆರೆದು, ದಾರ ಕತ್ತರಿಸಿ, ಎರಡು ಫಾರಂ ಅದಲುಬದಲು ಮಾಡಿ, ಮತ್ತೆ ಹೊಲಿಯಬೇಕು. ದಾರ ಎಳೆಯಲು ಕಣ್ಣು ಬೇಡ, ಅದನ್ನು ಮಾವ ಮಾಡಿದರು. ಆದರೆ ಬಿಡಿಯಾದ ಫಾರಂಗಳಲ್ಲಿ ಯಾವುದು ಯಾವುದೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಎರಡು ಸಲ ಕೈಗೆ ಸಿಕ್ಕಿದ್ದನ್ನು ತಪ್ಪು ರಾಶಿಗೆ ಹಾಕಿದರು. ಮೂರನೇ ಸಲ ಸುಮ್ಮನೆ ಹಿಡಿದುಕೊಂಡು ಕೂತು, ಯಾರ ಮುಖವನ್ನೂ ನೋಡದೆ, ಇದರಲ್ಲಿ ಏನು ಬರೆದಿದೆ ಓದು ಎಂದರು. ಕೆಲಸದ ಕೋಣೆಯಲ್ಲಿ ಓದಲು ಮೊಟ್ಟಮೊದಲ ಸಲ ಬಿದ್ದ ಅಪ್ಪಣೆ ಅದು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ಸೊಸೆ ಬಿಚ್ಚುವ ಪ್ರತಿಯನ್ನು ಇದ್ದ ಹಾಗೇ, ತಪ್ಪು ಕ್ರಮದಲ್ಲೇ ಓದಿದಳು. ಅಜ್ಜಿ ಬಂದಳು, ಕರೆದಳು. ಕುಂಬಾರ ಚೀಲ ಹೊತ್ತು ಮನೆಗೆ ಬಂದ. ಬಾವಿಗೆ ಮಾರ್ದನಿ ಸುರಿದ, ಮಕ್ಕಳು ಬಗ್ಗಿ ಕೂಗಿದರು, ಬಾವಿ ತಿರುಗಿ ಕೂಗಿತು. ಅಷ್ಟರಲ್ಲೇ ಮಾವ ದಾರ ಎಳೆಯುವುದು ನಿಧಾನವಾಯಿತು. ಮರುದಿನ ನದಿ. ಅದರ ಮರುದಿನ ಬೆಳಗ್ಗೆ ಹಲ್ಲುಜ್ಜುವ ಮೊದಲೇ, ಸುರಂಗದಲ್ಲಿ ಅವನ ದೀಪ ಆರಿತಲ್ಲ, ಆಮೇಲೆ ಎಂದು ಕೇಳಿಕೊಂಡು ಬಂದರು. ಮಾತಾಡುವ ಬಂಡೆಯ ಜೊತೆ ಅವರೂ ವಾದಕ್ಕಿಳಿದರು. ಅತ್ತೆ ತರಕಾರಿ ತಟ್ಟೆ ಸಮೇತ ಬಾಗಿಲ ಬಳಿ ಬಂದು ಕೂತರು. ದೈತ್ಯ ಸತ್ತ ದಿನ ಅಡುಗೆ ತಳ ಹಿಡಿಯಿತು, ಯಾರೂ ದೂರಲಿಲ್ಲ.

ಕೊನೆಗೆ ಉಳಿದದ್ದು ಆ ಮೂರನೇ ಫಾರಂ. ಕುಂಬಾರ ಗೂಡಿನ ಮುಂದೆ ಕೂತು ನೆಪ ಹೇಳುತ್ತಾನೆ. ಗೂಡಿಗೆ ಬೆಂಕಿ ಹಾಕಿದ್ದೇನೆ, ಬಿಟ್ಟು ಹೇಗೆ ಬರಲಿ. ಅಮ್ಮನಿಗೆ ವಯಸ್ಸಾಯಿತು. ಅಷ್ಟಕ್ಕೂ ಮಾರ್ದನಿ ಯಾಕೆ ಬೇಕು, ನನ್ನ ಬೆರಳಿಗೇ ಗೊತ್ತಾಗುತ್ತದೆ ಮಡಕೆ ಬೆಂದಿದೆಯೋ ಇಲ್ಲವೋ ಎಂದು. ಈ ಸಾಲು ಬರುತ್ತದೆಂದು ಸೊಸೆಗೆ ಮೊದಲೇ ಗೊತ್ತಿತ್ತು. ಹಾರಿಸಿ ಓದಿಬಿಡಲೇ ಎಂದು ಒಂದು ಕ್ಷಣ ಯೋಚಿಸಿದಳು. ಹಾರಿಸಲಿಲ್ಲ, ದನಿಯನ್ನೂ ಎತ್ತರಿಸಲಿಲ್ಲ.

ಮಾವ ಲೊಚಗುಟ್ಟಿದರು. "ಇವನಿಗೇನು ಬುದ್ಧಿ ಇಲ್ವಾ? ಹೋಗ್ತಾನೆ, ಗೆಲ್ತಾನೆ, ವಾಪಸ್ ಬರ್ತಾನೆ. ಹೋಗೋದಕ್ಕೇನು ಧಾಡಿ?"

"ಅದು ನಮಗೆ ಗೊತ್ತು ಮಾವ, ಕೊನೇ ಫಾರಂ ಮೊದಲೇ ಓದಿಬಿಟ್ವಿ. ಅವನ ಹತ್ತಿರ ಅದಿಲ್ಲವಲ್ಲ."

ಮಾವನ ಕೈ ನಿಂತಿತು. "ಗೊತ್ತಿಲ್ಲದೇನೇ ಹೋದನಾ?" ಎಂದು ಕೇಳಿದರು.

"ಗೊತ್ತಿಲ್ಲದೇನೇ ಹೋದ."

ಮಾವ ಉಳಿದ ದಾರ ಎಳೆದರು, ಚೂರುಗಳನ್ನು ಗುಡಿಸಿದರು, ಕೈ ತೊಳೆದರು. ಸಂಜೆ ಚಹಾ ಲೋಟ ಹಿಡಿದು ಹಿತ್ತಲಲ್ಲಿ ನಿಂತವರು ಒಳಗೆ ಬಂದು, ಆ ಕಣ್ಣಿನ ಡಾಕ್ಟರು ಯಾವ ದಿನ ಸಿಗುತ್ತಾರೆ ಎಂದು ಮಗನನ್ನು ಕೇಳಿದರು, ಅಂಗಡಿಯಲ್ಲಿ ಮೊಳೆ ಸಿಗುತ್ತದೆಯೇ ಎಂದು ಕೇಳುವಷ್ಟೇ ಸಹಜವಾಗಿ. ಅತ್ತೆ ಮೂಗು ಮುರಿದರು. ಇಷ್ಟು ವರ್ಷ ಕಟ್ಟಿಕೊಂಡವಳು ಬಡಿದುಕೊಂಡರೂ ಕೇಳದವರು, ಯಾವನೋ ಮಡಕೆ ಮಾಡುವವನ ಮಾತು ಕೇಳಿದರಲ್ಲ ಎಂದು ಗೊಣಗುತ್ತಲೇ ಒಳಗೆ ಹೋಗಿ, ಅವರ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕತೊಡಗಿದರು. ಒಂದೇ ತೋಳಿಗೆ ಎಷ್ಟೋ ಹೊತ್ತು.

ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಬೆಳಗಿನ ಬಿಸಿಲು ಬಿದ್ದಿತ್ತು. ಹಸಿರು ಗೌನು ತೊಟ್ಟು ಸಾಲಾಗಿ ಕೂತವರಿಗೆಲ್ಲ ಮಾವ ಅಷ್ಟರಲ್ಲೇ ಅಂಟಿಕೊಂಡಿದ್ದರು. ನರ್ಸು ಬಂದು, ಒಳಗೆ ಎಚ್ಚರವಾಗಿಯೇ ಇರುತ್ತೀರಿ, ಆದರೆ ಅಲುಗಾಡುವಂತಿಲ್ಲ, ಮಾತಾಡುವಂತಿಲ್ಲ ಎಂದು ತಿಳಿಸಿದಳು. ಅಲುಗಾಡದೆ ಇರಬಲ್ಲರು, ಇನ್ನೊಂದಕ್ಕೆ ಮಾತ್ರ ಬಾಯಿಗೆ ಹೊಲಿಗೆ ಹಾಕಬೇಕಾದೀತು, ದಾರ ನಮ್ಮದೇ ಕೊಡುತ್ತೇವೆ ಎಂದರು ಅತ್ತೆ. ಬೆಂಚಿಗೆ ಬೆಂಚೇ ನಕ್ಕಿತು.

ಕರೆ ಬಂದಾಗ ಮಾತ್ರ ಮಾವನ ಮುಖ ಬಿಳಿಚಿಕೊಂಡಿತು. ಎದ್ದವರು ಸೊಸೆಯ ಮಣಿಕಟ್ಟು ಹಿಡಿದುಕೊಂಡರು. ಹಾಳೆ ಒತ್ತಿ ಒತ್ತಿ ಗಟ್ಟಿಯಾದ ಬೆರಳು.

"ನನ್ನ ಕೊನೇ ಫಾರಂ ನೀನೂ ಓದಿಲ್ಲ, ಅಲ್ವಾ?" ಎಂದರು ಮೆಲ್ಲಗೆ.

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಎಲ್ಲ ಸರಿಹೋಗುತ್ತೆ, ನನಗೆ ಗೊತ್ತು ಎಂದುಬಿಡಬಹುದಿತ್ತು. "ಇಲ್ಲ ಮಾವ, ಓದಿಲ್ಲ" ಎಂದಳು. "ನಾವು ಈ ಬೆಂಚಲ್ಲೇ ಕೂತಿರ್ತೀವಿ. ಎದ್ದು ಎಲ್ಲೂ ಹೋಗಲ್ಲ."

ಅವರು ತಲೆಯಾಡಿಸಿ ಕೈ ಬಿಟ್ಟರು. ಬಾಗಿಲು ತಾನೇ ಮುಚ್ಚಿಕೊಂಡಿತು. ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತ ಕೂತರು. ಸೊಸೆ ಚೀಲ ತೆರೆದು ನೋಡಿದಳು: ಔಷಧಿ ಚೀಟಿ, ಹತ್ತಿ, ನೀರು, ಮಾವನ ಕಪ್ಪು ಕನ್ನಡಕ ಎಲ್ಲ ಇದ್ದವು. ಮುಚ್ಚಿ, ಮತ್ತೊಮ್ಮೆ ತೆರೆದು ನೋಡಿದಳು. ಎದುರಿಗೆ ನೀರಿನ ನಲ್ಲಿಯಿತ್ತು, ಇಬ್ಬರಿಗೂ ಬಾಯಾರಿಕೆಯಾಗಿತ್ತು, ಇಬ್ಬರೂ ಏಳಲಿಲ್ಲ. ಚೀಲದಲ್ಲೇ ನೀರಿದೆ ಎಂಬುದು ಆಮೇಲೆ ನೆನಪಾಯಿತು.

ಮರುದಿನ ಬೆಳಗ್ಗೆ ಆ ಒಂದು ಕಣ್ಣಿನ ಪಟ್ಟಿ ಬಿಚ್ಚುವ ಹೊತ್ತಿಗೆ ಮಗ ಪುಟ್ಟಿಯನ್ನೂ ಕರೆದುಕೊಂಡು ಬಂದಿದ್ದ. ಡಾಕ್ಟರು ಹತ್ತಿ ತೆಗೆದು, ನಿಧಾನವಾಗಿ ಕಣ್ಣು ತೆರೆಯಿರಿ ಎಂದರು. ಮಾವ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಡಾಕ್ಟರು ಗೋಡೆಯ ಅಕ್ಷರದ ಹಲಗೆ ತೋರಿಸಿ ಓದಲು ಹೇಳಿದರು. ಅವರು ಹಲಗೆ ಓದಿ ಮುಗಿಸಿದರು. ಅದರ ಪಕ್ಕದ ಕೈ ತೊಳೆದುಕೊಳ್ಳಿ ಎಂಬ ಸೂಚನೆ ಓದಿದರು. ಬಾಗಿಲಾಚೆಯ ಶೌಚಾಲಯದ ಬಾಣದ ಗುರುತು, ಕಿಟಕಿಯಾಚೆ ರಸ್ತೆಯ ಮೇಲಿನ ಟೈರ್ ಅಂಗಡಿಯ ಬೋರ್ಡು, ಅದರ ಫೋನ್ ನಂಬರು, ಏನನ್ನೂ ಬಿಡಲಿಲ್ಲ. ಸಾಕು ಸಾಕು ಎಂದು ಡಾಕ್ಟರೇ ನಿಲ್ಲಿಸಬೇಕಾಯಿತು. ಇನ್ನೊಂದು ಕಣ್ಣನ್ನೂ ಬೇಗ ಮಾಡಿಬಿಡಿ, ಇವತ್ತು ಸಂಜೆಯಾದರೂ ಆದೀತು ಎಂದು ಮಾವ ಅವಸರ ಮಾಡಿದರು.

ಆಮೇಲೆ ಅತ್ತೆಯ ಕಡೆ ತಿರುಗಿ ಬಹಳ ಹೊತ್ತು ನೋಡಿದರು.

"ಏನು ಹಾಗೆ ನೋಡೋದು? ವಯಸ್ಸಾಗಿದೆ ನನಗೆ" ಎಂದರು ಅತ್ತೆ ತಲೆಗೂದಲು ಸರಿಮಾಡಿಕೊಳ್ಳುತ್ತ.

"ನಾನೇನಾದ್ರೂ ಅಂದ್ನಾ?" ಎಂದರು ಮಾವ. ಆದರೂ ನೋಡುವುದು ಬಿಡಲಿಲ್ಲ. ಅತ್ತೆ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು.

ಸೊಸೆಯ ಸರದಿ ಬಂದಾಗ ಅವರು ತಬ್ಬಿಬ್ಬಾದರು. ಅವಳು ಆ ಮನೆಗೆ ಬರುವಾಗಲೇ ಮಂಜು ಇಳಿಯತೊಡಗಿತ್ತು ಎಂಬುದು ಅವಳಿಗೂ ಆಗಲೇ ಹೊಳೆದದ್ದು. ಅವಳ ದನಿ, ಹೆಜ್ಜೆ, ಹೊಲಿಗೆ ಎಲ್ಲ ಬಲ್ಲವರು, ಗಲ್ಲದ ಮೇಲೊಂದು ಮಚ್ಚೆ ಇದೆಯೆಂದು ಬಲ್ಲವರಲ್ಲ. ಹೊಸಬರ ಮುಂದೆ ನಿಂತ ಹಾಗೆ ಸ್ವಲ್ಪ ನಾಚಿ, ಇದ್ಯಾವಾಗಿಂದ ಇದೆ ಎಂದು ಕೇಳಿದರು. ಹುಟ್ಟಿದಾಗಿನಿಂದ ಎಂದಳು ಅವಳು.

ಪುಟ್ಟಿ ಅಪ್ಪನ ತೋಳಿಂದ ಜಾರಿ ಅಜ್ಜನ ಮೊಣಕಾಲ ಬಳಿ ಬಂದು ನಿಂತಳು. ಎಲ್ಲರೂ ಇವಳು ಅಜ್ಜನ ಪಡಿಯಚ್ಚು ಎಂದೇ ಹೇಳುತ್ತಿದ್ದರು, ಅಜ್ಜನೂ ಅದನ್ನು ಬೀದಿಗೆಲ್ಲ ಸಾರಿದ್ದರು. ಈಗ ಅವಳ ಹಣೆ, ಮೂಗು, ಬಿಟ್ಟ ಬಾಯಿ, ಮುಂದಿನ ಹಲ್ಲಿನ ಸಂದು ಒಂದೊಂದನ್ನೂ ಬಿಡದೆ ನೋಡಿದರು.

"ಎಲ್ಲ ಸುಳ್ಳು ಹೇಳಿದ್ದೀರಿ ನನಗೆ" ಎಂದರು. "ಇವಳು ಎಲ್ಲಿ ನನ್ನ ಥರ ಇದ್ದಾಳೆ? ಪೂರ್ತಿ ಅವಳಮ್ಮನೇ."

ಹೇಳುತ್ತ ಹೇಳುತ್ತ ಕಣ್ಣು ತುಂಬಿತು, ಕೈ ತಾನಾಗಿ ಮೇಲೆ ಹೋಯಿತು. ಸೊಸೆ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು. ಕಣ್ಣು ಮುಟ್ಟುವಂತಿಲ್ಲ ಎಂದು ಡಾಕ್ಟರು ಹೇಳಿದ್ದು ಮರೆತೇಹೋಯಿತೇ ಎಂದು ಗದರಿ, ಚೀಲದಿಂದ ಹೊಸ ಹತ್ತಿ ತೆಗೆದು, ಕಣ್ಣಿನ ಕೆಳಗೆ ಕೆನ್ನೆಯ ಮೇಲಷ್ಟೇ, ಮೆಲ್ಲಗೆ ಒತ್ತಿದಳು.